ಲಂಡನ್ನಿನ ಕಿರಿಯ ಬ್ಯಾರಿಸ್ಟರರು: ಒಂದು ವೃತ್ತಿಯ ಪರಿಚಯ

ಬ್ಯಾರಿಸ್ಟರ್ ಎಂಬ ಶಬ್ದ ನಮ್ಮ ನಾಡಿನ ಹಿರಿಯರಿಗೆ ಅಪರಿಚಿತವಾದುದಲ್ಲ. ಒಂದು ಕಾಲಕ್ಕೆ ಅದು ಬರಿಯ ವೃತ್ತಿಯ ಹೆಸರಾಗಿರದೆ, ವ್ಯಕ್ತಿಯ ಹೆಸರಿನ ಹಿಂದೆ ಹಚ್ಚಿ ಕರೆಯುವ ಬಿರುದೇ ಆಗಿತ್ತು. ವಿಲಾಯತಿಗೆ ಹೋಗಿ ಬಂದವರು, ಇಂಗ್ಲಿಷಿನಲ್ಲಿ ನಿರರ್ಗಳವಾಗಿ ವಾದಿಸುವವರು, ಭಾರಿ ಫೀ ತೆಗೆದುಕೊಳ್ಳುವವರು ಎಂಬಷ್ಟೇ ನಮ್ಮ ಜನರ ಕಲ್ಪನೆ. ಮಹಾತ್ಮಾ ಗಾಂಧೀಜಿಯವರು 1891ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಎಂಬ ಸಂಸ್ಥೆಯ ಮೂಲಕ ಬ್ಯಾರಿಸ್ಟರರಾದರು. ರಾಜದ್ರೋಹದ ಆರೋಪದ ಮೇಲೆ ಅವರಿಗೆ ಶಿಕ್ಷೆಯಾದ ತರುವಾಯ, 1922ರಲ್ಲಿ ಅದೇ ಸಂಸ್ಥೆ ಅವರ ಹೆಸರನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಮತ್ತೆ ಸೇರಿಸಿಕೊಂಡುದು 1988ರಲ್ಲಿ, ಅವರು ಗತಿಸಿ 40 ವರ್ಷಗಳಾದ ಮೇಲೆ! ಭಾರತದಲ್ಲಿಯಾದರೋ 1961ರ ಅಡ್ವೊಕೇಟ್ಸ್ ಕಾಯದೆಯು ವಕೀಲರೆಲ್ಲರನ್ನೂ ಒಂದೇ ವರ್ಗದಲ್ಲಿ ತಂದಿತು. ಹೀಗಾಗಿ ನಮ್ಮಲ್ಲಿ ಶಬ್ದ ಉಳಿಯಿತು, ಅದರ ಅರ್ಥ ಮಸುಕಾಯಿತು.

ಕಾನೂನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಆಗಾಗ ಈ ವೃತ್ತಿಯ ಬಗೆಗೆ ವಿಚಾರಿಸುವುದುಂಟು. ಅವರಿಗೂ ಅವರ ಪಾಲಕರಿಗೂ ಉಪಯೋಗವಾಗಲೆಂದು, ಇಂದಿನ ಲಂಡನ್ನಿನಲ್ಲಿ ಸಾರ್ವಜನಿಕ ಕಾನೂನು, ಸ್ಪರ್ಧಾ ಕಾನೂನು ಮತ್ತು ವಾಣಿಜ್ಯ ಕಾನೂನು ಎಂಬ ಮೂರು ಕ್ಷೇತ್ರಗಳಲ್ಲಿ ದುಡಿಯುವ ಒಬ್ಬ ಕಿರಿಯ ಬ್ಯಾರಿಸ್ಟರರ ಬಾಳು ಹೇಗಿರುತ್ತದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ವಕೀಲಿ ವೃತ್ತಿಯು ಇಂದಿಗೂ ಎರಡು ಕವಲುಗಳಾಗಿದೆ. ಕಕ್ಷಿದಾರನು ಸಾಮಾನ್ಯವಾಗಿ ಮೊದಲು ಕಾಣುವುದು ಸಾಲಿಸಿಟರನನ್ನು. ಪತ್ರವ್ಯವಹಾರ, ಸಾಕ್ಷ್ಯ ಸಂಗ್ರಹ, ರಾಜಿಯ ಮಾತುಕತೆ ಇವೆಲ್ಲ ಅವನವು. ನ್ಯಾಯಾಲಯದಲ್ಲಿ ನಿಂತು ವಾದಿಸುವ, ಕಠಿನ ಪ್ರಶ್ನೆಯ ಮೇಲೆ ಅಭಿಪ್ರಾಯ ಬರೆದುಕೊಡುವ ಪ್ರಸಂಗ ಬಂದಾಗ ಆ ಸಾಲಿಸಿಟರನು ಬ್ಯಾರಿಸ್ಟರನನ್ನು ಗೊತ್ತುಮಾಡುತ್ತಾನೆ. ಈ ಗಡಿ ಈಗ ಮೊದಲಿನಷ್ಟು ಬಿಗಿಯಾಗಿಲ್ಲ. ಆದರೆ ಪದ್ಧತಿಯ ತಿರುಳು ಹಾಗೆಯೇ ಇದೆ. ಅಲ್ಲಿ ಒಟ್ಟು 17,000ಕ್ಕೂ ಹೆಚ್ಚು ಬ್ಯಾರಿಸ್ಟರರು ವೃತ್ತಿಯಲ್ಲಿದ್ದಾರೆ.

‘ಕಿರಿಯ’ ಎಂಬ ಮಾತಿನ ವಿಷಯದಲ್ಲಿ ವಾಚಕರು ಮೋಸಹೋಗಬಾರದು. ರಾಜನ ನ್ಯಾಯವಾದಿ, ಅಂದರೆ ಕಿಂಗ್ಸ್ ಕೌನ್ಸೆಲ್ ಎಂಬ ಪದವಿ ದೊರೆತವರು ರೇಷ್ಮೆಯ ಗೌನು ತೊಡುತ್ತಾರಾದ್ದರಿಂದ ಅವರನ್ನು ‘ಸಿಲ್ಕ್’ ಎಂದು ಕರೆಯುವರು. ಆ ಪದವಿ ದೊರೆಯದವರೆಲ್ಲರೂ, ವಯಸ್ಸು ಅರವತ್ತಾಗಿದ್ದರೂ, ಕಿರಿಯರೇ. ಎಲಿಜಬೆತ್ ರಾಣಿಯವರು ತೀರಿಕೊಂಡ 2022ರ ಸೆಪ್ಟೆಂಬರ್ ದಿನದಂದು ‘ರಾಣಿಯ ನ್ಯಾಯವಾದಿ’ಗಳೆಲ್ಲರೂ ‘ರಾಜನ ನ್ಯಾಯವಾದಿ’ಗಳಾಗಿ ಮಾರ್ಪಟ್ಟರು. ವರ್ಷಕ್ಕೆ ನೂರರ ಆಸುಪಾಸು ಜನರಿಗೆ ಮಾತ್ರ ಈ ಗೌರವ ಸಲ್ಲುತ್ತದೆ.

ಬ್ಯಾರಿಸ್ಟರನಾಗಬೇಕಾದವನು ಮೊದಲು ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಪುರಾತನ ಸಂಸ್ಥೆಗಳ ಪೈಕಿ ಒಂದರ ಸದಸ್ಯನಾಗಬೇಕು. ಗಾಂಧೀಜಿಯವರು ಅಲ್ಲಿನ ಪಂಕ್ತಿಭೋಜನಗಳಿಗೆ ಹಾಜರಿ ಹಾಕಬೇಕಾಗಿದ್ದುದು ಪ್ರಸಿದ್ಧ ಸಂಗತಿ. ಆ ಊಟಗಳೇ ಈಗ ಉಪನ್ಯಾಸ, ಅಣಕು ವಾದ, ಭೋಜನಕೂಟ ಎಲ್ಲವೂ ಕೂಡಿದ ಕಾರ್ಯಕ್ರಮಗಳಾಗಿ ರೂಪಾಂತರ ಹೊಂದಿವೆ. ಅಂಥ 10 ಕಾರ್ಯಕ್ರಮಗಳನ್ನು ಪೂರೈಸಬೇಕಾಗುತ್ತದೆ. ಪದವಿಯ ನಂತರ ಬಾರ್ ಕೋರ್ಸ್ ಮುಗಿಸಬೇಕು. ಲಂಡನ್ನಿನ ಕೆಲವು ಸಂಸ್ಥೆಗಳಲ್ಲಿ ಅದರ ಶುಲ್ಕವೇ 15,000 ಪೌಂಡುಗಳನ್ನು ಮೀರುತ್ತದೆ. ನಿಜವಾದ ಇಕ್ಕಟ್ಟು ಇರುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಕೋರ್ಸಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಹಿರಿಯ ಬ್ಯಾರಿಸ್ಟರರ ಕೈಕೆಳಗೆ ಒಂದು ವರ್ಷ ಕಲಿಯುವ ‘ಪ್ಯೂಪಿಲೇಜ್’ ಎಂಬ ಉಮೇದುವಾರಿಯ ಸ್ಥಾನಗಳು ಐನೂರು, ಆರುನೂರು ಮಾತ್ರ. ಐದು ವರ್ಷಗಳೊಳಗೆ ಸ್ಥಾನ ದೊರೆಯದಿದ್ದರೆ ಕೋರ್ಸಿಗೆ ಹಾಕಿದ ಹಣ ನೀರಿನಲ್ಲಿ ಹೋಮವಾದಂತೆ. ಹಿಂದಿನ ಕಾಲದಲ್ಲಿ ಶಿಷ್ಯನೇ ಗುರುವಿಗೆ 100 ಗಿನಿ ಕೊಟ್ಟು ಕಲಿಯುತ್ತಿದ್ದನು. 2003ರಿಂದ ಶಿಷ್ಯನಿಗೆ ಸಂಭಾವನೆ ಕೊಡುವುದು ಕಡ್ಡಾಯವಾಗಿದೆ. ಬಡ ಮನೆತನದ ಬುದ್ಧಿವಂತರಿಗೆ ಈ ಬಾಗಿಲು ಕೊಂಚವಾದರೂ ತೆರೆದುದು ಆಮೇಲೆಯೇ ಎಂದು ನನ್ನ ಎಣಿಕೆ.

ಉಮೇದುವಾರಿ ಮುಗಿದ ಮೇಲೆ ‘ಚೇಂಬರ್ಸ್’ ಎಂಬ ಒಂದು ಗುಂಪಿನಲ್ಲಿ ಕಾಯಂ ಸ್ಥಾನ ದೊರೆಯಬೇಕು. ಇದು ಕಂಪನಿಯಲ್ಲ, ಪಾಲುದಾರಿಕೆಯೂ ಅಲ್ಲ. ಒಂದೇ ಛಾವಣಿಯ ಕೆಳಗೆ ಕುಳಿತು, ಬಾಡಿಗೆ ಮತ್ತು ಗುಮಾಸ್ತರ ಸಂಬಳವನ್ನು ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ತಮ್ಮ ಗಳಿಕೆ ತಾವೇ ಮಾಡಿಕೊಳ್ಳುವ ವ್ಯವಸ್ಥೆ. ಆದ್ದರಿಂದ ಸಂಬಳವಿಲ್ಲ, ಪಿಂಚಣಿಯಿಲ್ಲ, ಕಾಯಿಲೆ ಬಿದ್ದರೆ ರಜೆಯ ಪಗಾರವೂ ಇಲ್ಲ. ಮಾಡಿದ ಕೆಲಸದ ಹಣ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಬ್ಯಾರಿಸ್ಟರನ ಫೀ ಒಂದು ಗೌರವಧನ, ಅದಕ್ಕಾಗಿ ಅವನು ದಾವೆ ಹೂಡಲಾಗದು ಎಂಬ ಹಳೆಯ ನಿಯಮವು 1990ರವರೆಗೂ ಉಳಿದಿತ್ತೆಂದರೆ ಈ ವೃತ್ತಿಯ ಬಿಗುಮಾನ ಎಂಥದೆಂಬುದು ತಿಳಿದೀತು. ಇಲ್ಲಿ ಗುಮಾಸ್ತ ಎಂಬವನು ಸಾಮಾನ್ಯನಲ್ಲ. ಯಾವ ಮೊಕದ್ದಮೆ ಯಾವ ಕಿರಿಯನಿಗೆ ಹೋಗಬೇಕು, ಫೀ ಎಷ್ಟಾಗಬೇಕು ಎಂಬುದನ್ನು ಸಾಲಿಸಿಟರರೊಡನೆ ಕುದುರಿಸುವವನು ಅವನೇ. ಹೊಸದಾಗಿ ಬಂದ ಕಿರಿಯನ ಮೊದಲ ವರ್ಷಗಳ ಭವಿಷ್ಯವು ಬಹುಮಟ್ಟಿಗೆ ಅವನ ಕೈಯಲ್ಲಿರುತ್ತದೆ.

ಇನ್ನು ಕೆಲಸದ ಸ್ವರೂಪ. ಈ ಮೂರು ಕ್ಷೇತ್ರಗಳ ಕಿರಿಯರು ಚಲನಚಿತ್ರಗಳಲ್ಲಿ ಕಾಣುವಂತೆ ದಿನವೂ ಕೋರ್ಟಿನಲ್ಲಿ ಗುಡುಗುವವರಲ್ಲ. ಅವರ ಹೆಚ್ಚಿನ ದಿನಗಳು ಓದುವುದರಲ್ಲಿ, ಬರೆಯುವುದರಲ್ಲಿ ಕಳೆಯುತ್ತವೆ. ಸಾವಿರಾರು ಪುಟಗಳ ದಾಖಲೆಗಳನ್ನು ಜರಡಿ ಹಿಡಿದು ಘಟನೆಗಳ ಕಾಲಾನುಕ್ರಮಣಿಕೆ ಸಿದ್ಧಪಡಿಸುವುದು, ವಾದದ ಸಾರವನ್ನು ಇಪ್ಪತ್ತೋ ಮೂವತ್ತೋ ಪುಟಗಳಲ್ಲಿ ಬರೆದಿಡುವುದು, ಪ್ರತಿಪಕ್ಷದ ಸಾಕ್ಷಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹೊಂದಿಸಿಕೊಡುವುದು ಅವರ ಪಾಲಿಗೆ ಬರುತ್ತದೆ. ಹೀಗೆ ಬರೆದುದನ್ನು ಹಿಡಿದು ಎದ್ದು ಮಾತನಾಡುವವರು ಮುಂದಿನ ಸಾಲಿನ ಸಿಲ್ಕ್. ಹಿಂದಿನ ಸಾಲಿನಲ್ಲಿ ಕುಳಿತ ಕಿರಿಯರು ಬೇಕಾದ ಪುಟವನ್ನು ಬೇಕಾದ ಕ್ಷಣದಲ್ಲಿ ಮುಂದೆ ಚಾಚಬೇಕು. ಇನ್ನೊಬ್ಬ ಬ್ಯಾರಿಸ್ಟರರ ಹೆಸರಿನಲ್ಲಿ ಹೋಗುವ ಕರಡನ್ನು ತಾವು ಬರೆದುಕೊಡುವ ಪದ್ಧತಿಗೆ ಅಲ್ಲಿ ‘ಡೆವಿಲಿಂಗ್’, ಅಂದರೆ ದೆವ್ವಗೆಲಸ ಎಂಬ ವಿನೋದದ ಹೆಸರಿದೆ. ಸರಕಾರದ ಪರವಾಗಿ ಅತಿ ಮಹತ್ವದ ಮೊಕದ್ದಮೆಗಳನ್ನು ನಡೆಸುವ ಪ್ರಮುಖ ವಕೀಲರನ್ನು ‘ಖಜಾನೆಯ ದೆವ್ವ’ ಎಂದೇ ಕರೆಯುವರು!

ಸಾರ್ವಜನಿಕ ಕಾನೂನೆಂದರೆ ಪ್ರಭುತ್ವ ತನ್ನ ಅಧಿಕಾರವನ್ನು ಕಾನೂನಿನ ಚೌಕಟ್ಟಿನಲ್ಲಿ ಚಲಾಯಿಸಿತೇ ಇಲ್ಲವೇ ಎಂಬುದರ ವಿಚಾರಣೆ. 1947ರ ಒಂದು ಮೊಕದ್ದಮೆಯನ್ನು ಅಲ್ಲಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ವೆನ್ಸ್‌ಬರಿ ಎಂಬ ಊರಿನ ಪುರಸಭೆಯು ಭಾನುವಾರ ಸಿನಿಮಾ ತೋರಿಸಲು ಅನುಮತಿ ಕೊಡುವಾಗ, 15 ವರ್ಷಕ್ಕೆ ಕಡಿಮೆ ವಯಸ್ಸಿನ ಮಕ್ಕಳನ್ನು ಒಳಗೆ ಬಿಡಬಾರದೆಂದು ಷರತ್ತು ಹಾಕಿತು. ಚಿತ್ರಮಂದಿರದವರು ದಾವೆ ಹೂಡಿ ಸೋತರು. ವಿವೇಕವುಳ್ಳ ಯಾವ ಅಧಿಕಾರಿಯೂ ಕೈಗೊಳ್ಳಲಾರದಂಥ ನಿರ್ಣಯವಾಗಿದ್ದರೆ ಮಾತ್ರ ನ್ಯಾಯಾಲಯ ಕೈಹಾಕಬಹುದು ಎಂದು ಅಂದು ಹಾಕಿದ ಗೆರೆ ಇಂದಿಗೂ ಚರ್ಚೆಯ ಮೂಲ. ಇಂಥ ಅರ್ಜಿಯನ್ನು ವಿಳಂಬವಿಲ್ಲದೆ, ಏನೇ ಆದರೂ ಮೂರು ತಿಂಗಳೊಳಗೆ ಸಲ್ಲಿಸಬೇಕು. ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಬಹುಪಾಲು ಅರ್ಜಿಗಳು ಈ ಹೊಸ್ತಿಲನ್ನೇ ದಾಟವು. ದಾಟಿದವುಗಳಲ್ಲಿ ಕೆಲವು ರಾಷ್ಟ್ರವನ್ನೇ ಅಲುಗಿಸುತ್ತವೆ. 2019ರ ಸೆಪ್ಟೆಂಬರ್ 24ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳು ಒಮ್ಮತದಿಂದ, ಪಾರ್ಲಿಮೆಂಟಿನ ಅಧಿವೇಶನವನ್ನು ಮೊಟಕುಗೊಳಿಸಲು ಪ್ರಧಾನಮಂತ್ರಿ ಕೊಟ್ಟ ಸಲಹೆ ಕಾನೂನುಬಾಹಿರವೆಂದು ತೀರ್ಪಿತ್ತರು.

ಸರಕಾರಕ್ಕೂ ವಕೀಲರು ಬೇಕಲ್ಲವೇ? ಅದಕ್ಕಾಗಿ ಅಟಾರ್ನಿ ಜನರಲರು ಅನುಭವಾನುಸಾರ ಎ, ಬಿ, ಸಿ ಎಂಬ ಮೂರು ಪಟ್ಟಿಗಳಲ್ಲಿ ಕಿರಿಯರನ್ನು ನೇಮಿಸಿಕೊಳ್ಳುತ್ತಾರೆ. ಫೀ ಖಾಸಗಿ ಕೆಲಸಕ್ಕಿಂತ ಬಹಳ ಕಡಿಮೆ. ಆದರೂ ಸಿ ಪಟ್ಟಿಗೆ ಸೇರಲು ತೀವ್ರ ಪೈಪೋಟಿ ಇದೆ. ಸಿಲ್ಕ್‌ನ ಹಿಂದೆ ಕೂರದೆ ತಾವೇ ಎದ್ದು ನಿಂತು ವಾದಿಸುವ ಅವಕಾಶ ಕಿರಿಯರಿಗೆ ಅಲ್ಲಿ ಬೇಗ ದೊರೆಯುವುದೇ ಅದರ ಕಾರಣ.

ಸ್ಪರ್ಧಾ ಕಾನೂನು ನಮ್ಮ ವಾಚಕರಿಗೆ ಹೊಸದಾಗಿ ತೋರಬಹುದು. ವ್ಯಾಪಾರಿಗಳು ಒಳಗೊಳಗೆ ಕೂಡಿಕೊಂಡು ಬೆಲೆ ಗೊತ್ತುಮಾಡುವುದು, ಮಾರುಕಟ್ಟೆಯಲ್ಲಿ ಎದುರಾಳಿಯಿಲ್ಲದವನು ತನ್ನ ಬಲವನ್ನು ದುರುಪಯೋಗಪಡಿಸುವುದು ಇವನ್ನು ತಡೆಯುವ ಕಾನೂನಿದು. ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಫೆನಿಟಾಯಿನ್ ಎಂಬುದು ಮೂರ್ಛೆರೋಗದ ಹಳೆಯ ಔಷಧ. ಬ್ರಿಟನ್ನಿನಲ್ಲಿ ಸುಮಾರು 48,000 ರೋಗಿಗಳು ಅದನ್ನು ಅವಲಂಬಿಸಿದ್ದರು. ಒಬ್ಬ ತಯಾರಕರ ಗುಳಿಗೆ ಒಗ್ಗಿದವರು ಇನ್ನೊಬ್ಬರದಕ್ಕೆ ಬದಲಾಯಿಸಿದರೆ ಮೂರ್ಛೆ ಮರುಕಳಿಸುವ ಭಯವಿದೆ. 2012ರ ಸೆಪ್ಟೆಂಬರಿನಲ್ಲಿ ಫೈಜರ್ ಮತ್ತು ಫ್ಲಿನ್ ಕಂಪನಿಗಳ ನಡುವಣ ಒಂದು ಏರ್ಪಾಡಿನ ಮೇರೆಗೆ ಆ ಔಷಧವು ತನ್ನ ಹಳೆಯ ಹೆಸರನ್ನು ಕಳಚಿಕೊಂಡಿತು; ಅದರೊಂದಿಗೆ ಬೆಲೆಯ ಮೇಲಿನ ನಿಯಂತ್ರಣವೂ ಕಳಚಿತು. 100 ಮಿಲಿಗ್ರಾಮಿನ ಒಂದು ಪೊಟ್ಟಣಕ್ಕೆ 2.83 ಪೌಂಡು ಇದ್ದುದು 67.50 ಪೌಂಡಿಗೆ ಏರಿತು. ರಾಷ್ಟ್ರೀಯ ಆರೋಗ್ಯ ಸೇವೆಯ ವಾರ್ಷಿಕ ವೆಚ್ಚ ಸುಮಾರು 20 ಲಕ್ಷ ಪೌಂಡುಗಳಿಂದ 5 ಕೋಟಿಗೆ ಜಿಗಿಯಿತು. 2016ರ ಡಿಸೆಂಬರಿನಲ್ಲಿ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು ಫೈಜರಿಗೆ 8.42 ಕೋಟಿ ಪೌಂಡುಗಳ ದಂಡ ವಿಧಿಸಿತು.

ಇಷ್ಟಕ್ಕೆ ಮುಗಿಯಿತೆಂದು ವಾಚಕರು ತಿಳಿಯಬಾರದು. ಬೆಲೆ ಹೆಚ್ಚೆಂದು ಹೇಳುವುದು ಸುಲಭ, ಎಷ್ಟಾಗಿದ್ದರೆ ನ್ಯಾಯವಾಗುತ್ತಿತ್ತು? ಯಾವುದರೊಡನೆ ಹೋಲಿಸಿ ನೋಡಬೇಕು? ಅದೇ ಔಷಧದ ಮಾತ್ರೆಯ ರೂಪಕ್ಕೆ ಮಾರುಕಟ್ಟೆಯಲ್ಲಿದ್ದ ಬೆಲೆಯನ್ನು ಪ್ರಾಧಿಕಾರ ಸರಿಯಾಗಿ ತೂಗಿ ನೋಡಿಲ್ಲವೆಂದು 2018ರಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಾಧಿಕರಣವು ಆ ತೀರ್ಮಾನವನ್ನು ತಳ್ಳಿಹಾಕಿತು. 2020ರಲ್ಲಿ ಅಪೀಲು ನ್ಯಾಯಾಲಯ, 2022ರಲ್ಲಿ ಪ್ರಾಧಿಕಾರದ ಎರಡನೆಯ ತೀರ್ಮಾನ, ಮತ್ತೆ ಮೇಲ್ಮನವಿ. ಕಡೆಗೆ 2024ರ ನವೆಂಬರಿನಲ್ಲಿ ನ್ಯಾಯಾಧಿಕರಣವು ಪ್ರಾಧಿಕಾರದ ತರ್ಕದಲ್ಲಿ ತಪ್ಪು ಕಂಡರೂ, ಸಾಕ್ಷ್ಯವನ್ನು ತಾನೇ ಪರಿಶೀಲಿಸಿ, ಕಂಪನಿಗಳು ಬಲದ ದುರುಪಯೋಗ ಮಾಡಿದುದು ನಿಜವೆಂದು ಹೇಳಿ ದಂಡವನ್ನು ಬಹುಮಟ್ಟಿಗೆ ಉಳಿಸಿತು. 2003ರಿಂದ ಕೆಲಸ ಮಾಡುತ್ತಿರುವ ಈ ನ್ಯಾಯಾಧಿಕರಣದ ಪೀಠದಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ. ಅಧ್ಯಕ್ಷರ ಜೊತೆಗೆ ಅರ್ಥಶಾಸ್ತ್ರಜ್ಞರೂ ಲೆಕ್ಕಪತ್ರ ಬಲ್ಲವರೂ ಕುಳಿತುಕೊಳ್ಳುವುದುಂಟು. ಆದಕಾರಣ ಕಿರಿಯ ಬ್ಯಾರಿಸ್ಟರರು ಕಾನೂನಿನ ಪುಸ್ತಕವಷ್ಟನ್ನೇ ಓದಿದರೆ ಸಾಲದು. ಲಾಭಾಂಶದ ಕೋಷ್ಟಕ, ಉತ್ಪಾದನಾ ವೆಚ್ಚದ ಹಂಚಿಕೆ ಇವುಗಳ ಗುಟ್ಟನ್ನು ಅರಿತು, ಅರ್ಥಶಾಸ್ತ್ರದ ಪ್ರಾಧ್ಯಾಪಕರನ್ನೇ ಪ್ರಶ್ನಿಸುವಷ್ಟು ಸಿದ್ಧರಾಗಬೇಕು. ಮೂರು ಕ್ಷೇತ್ರಗಳು ಒಂದೇ ಕೈಯಲ್ಲಿ ಕೂಡಿಕೊಳ್ಳುವುದೂ ಇದರಿಂದಲೇ. ಪ್ರಾಧಿಕಾರದ ತೀರ್ಮಾನವನ್ನು ಒರೆಗೆ ಹಚ್ಚುವಾಗ ಸಾರ್ವಜನಿಕ ಕಾನೂನು, ಮಾರುಕಟ್ಟೆಯನ್ನು ಅಳೆಯುವಾಗ ಸ್ಪರ್ಧಾ ಕಾನೂನು, ಹೆಚ್ಚು ಹಣ ತೆತ್ತವರು ಪರಿಹಾರ ಕೇಳುವಾಗ ವಾಣಿಜ್ಯ ದಾವೆಯ ಪದ್ಧತಿ.

ಪರಿಹಾರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 2015ರ ಒಂದು ಕಾಯದೆಯಿಂದ, ಲಕ್ಷಾಂತರ ಗ್ರಾಹಕರ ಪರವಾಗಿ ಒಬ್ಬನೇ ಪ್ರತಿನಿಧಿ ದಾವೆ ಹೂಡಲು ಅವಕಾಶವಾಯಿತು. ಮಾಸ್ಟರ್‌ಕಾರ್ಡ್ ಕಂಪನಿಯ ವಿರುದ್ಧ 2016ರಲ್ಲಿ ಸುಮಾರು 4.6 ಕೋಟಿ ಜನರ ಪರವಾಗಿ 1,400 ಕೋಟಿ ಪೌಂಡುಗಳನ್ನು ಕೇಳಲಾಯಿತು. 2025ರಲ್ಲಿ ನ್ಯಾಯಾಧಿಕರಣ ಒಪ್ಪಿದ ರಾಜಿಯ ಮೊತ್ತ 20 ಕೋಟಿ ಪೌಂಡು. ಇಂಥ ದಾವೆಗಳಿಂದ ಸಾಮಾನ್ಯ ಗ್ರಾಹಕನಿಗೆಷ್ಟು, ದಾವೆಗೆ ಬಂಡವಾಳ ಹೂಡಿದವರಿಗೆಷ್ಟು ಎಂಬ ಪ್ರಶ್ನೆ ಅಲ್ಲಿ ಜೋರಾಗಿಯೇ ಎದ್ದಿದೆ.

ವಾಣಿಜ್ಯ ನ್ಯಾಯಾಲಯದ ಬಗೆಗೆ ಎರಡೇ ಮಾತು. ಹಡಗು, ವಿಮೆ, ಬ್ಯಾಂಕು ವ್ಯವಹಾರಗಳನ್ನು ಬಲ್ಲ ನ್ಯಾಯಾಧೀಶರೇ ತಮಗೆ ಬೇಕೆಂದು ಲಂಡನ್ನಿನ ವರ್ತಕರು ಹಟ ಹಿಡಿದುದರಿಂದ 1895ರಲ್ಲಿ ಪ್ರತ್ಯೇಕ ವಾಣಿಜ್ಯ ಪಟ್ಟಿ ಆರಂಭವಾಯಿತು. ಈಗ ಅದು 2011ರಲ್ಲಿ ತೆರೆದ ರೋಲ್ಸ್ ಬಿಲ್ಡಿಂಗಿನಲ್ಲಿದೆ. ಅಲ್ಲಿಗೆ ಬರುವ ಕಕ್ಷಿದಾರರಲ್ಲಿ ಹೊರದೇಶದವರ ಪಾಲೇ ದೊಡ್ಡದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಂದು ಔಷಧ ಕಂಪನಿಯ ಪರ, ನಾಳೆ ಮಂತ್ರಾಲಯದ ಪರ, ನಾಡಿದ್ದು ಅದೇ ಮಂತ್ರಾಲಯದ ವಿರುದ್ಧ ನಿಲ್ಲುವವರಿಗೆ ತತ್ತ್ವವೆಂಬುದುಂಟೇ? ಅಲ್ಲಿಯ ‘ಕ್ಯಾಬ್ ರ‍್ಯಾಂಕ್’ ನಿಯಮವೇ ಇದಕ್ಕೆ ಕೊಡುವ ಉತ್ತರ. ನಿಲ್ದಾಣದ ಸರದಿಯಲ್ಲಿರುವ ಟ್ಯಾಕ್ಸಿಯವನು ಮುಂದೆ ಬಂದ ಪ್ರಯಾಣಿಕನನ್ನು ಹೇಗೆ ನಿರಾಕರಿಸಲಾರನೋ, ಹಾಗೆಯೇ ಬ್ಯಾರಿಸ್ಟರನು ತನಗೆ ಸಮಯವೂ ಆ ವಿಷಯದಲ್ಲಿ ಸಾಮರ್ಥ್ಯವೂ ಇದ್ದು, ಯೋಗ್ಯ ಫೀ ಸಿಗುವಂತಿದ್ದರೆ, ಕಕ್ಷಿದಾರನು ತನಗೆ ಒಗ್ಗದವನೆಂಬ ಕಾರಣದಿಂದ ಕೆಲಸವನ್ನು ನಿರಾಕರಿಸುವಂತಿಲ್ಲ. 2023ರಲ್ಲಿ ನೂರಕ್ಕೂ ಹೆಚ್ಚು ವಕೀಲರು, ಹೊಸ ತೈಲ ಮತ್ತು ಅನಿಲ ಯೋಜನೆಗಳ ಪರವಾಗಿಯಾಗಲಿ, ಹವಾಮಾನದ ಹೋರಾಟಗಾರರ ವಿರುದ್ಧವಾಗಲಿ ತಾವು ಕೆಲಸ ಮಾಡೆವೆಂದು ಘೋಷಣೆ ಹೊರಡಿಸಿದರು. ಬಾರ್ ಕೌನ್ಸಿಲ್ ಈ ನಿಯಮವನ್ನೇ ಎತ್ತಿಹಿಡಿಯಿತು. ಹಣವುಳ್ಳವರಿಗೆ ಆ ನಿಯಮ ಹೆಚ್ಚು ಒದಗಿಬರುತ್ತದೆಂಬ ಟೀಕೆಯನ್ನು ನಾನು ಅಲ್ಲಗಳೆಯಲಾರೆ. ಆದರೂ ಜನರೆಲ್ಲ ಹೇಸುವ ಒಬ್ಬ ಆರೋಪಿಗೆ ಒಳ್ಳೆಯ ವಕೀಲರು ಸಿಗುವುದು ಇದೇ ನಿಯಮದ ನೆರಳಿನಲ್ಲಿ. ಅವನ ಪರ ನಿಂತ ವಕೀಲರನ್ನು ಅವನೊಡನೆ ಸಮೀಕರಿಸಿ ದೂಷಿಸದಂತೆ ಕಾಪಾಡುವುದೂ ಅದೇ. ಇದಕ್ಕೂ ಮಿಗಿಲಾದ ಇನ್ನೊಂದು ಕಟ್ಟಳೆಯಿದೆ. ತಮ್ಮ ಕಕ್ಷಿದಾರನಿಗೆ ಪ್ರತಿಕೂಲವಾದ ಪೂರ್ವತೀರ್ಪು ಗೊತ್ತಿದ್ದು, ಎದುರಾಳಿಯು ಅದನ್ನು ತೋರಿಸದಿದ್ದರೆ, ತಾವೇ ಅದನ್ನು ನ್ಯಾಯಾಲಯದ ಮುಂದಿಡಬೇಕು. ತಮ್ಮ ವಾದವನ್ನು ತಮ್ಮ ಕೈಯಿಂದಲೇ ದುರ್ಬಲಗೊಳಿಸುವ ಆ ಗಳಿಗೆಯೇ ಕಿರಿಯರಿಗೆ ಅತ್ಯಂತ ಕಷ್ಟದ್ದೆಂದು ತೋರುತ್ತದೆ.

ಕಿರಿಯರ ಗೌನಿನ ಚೀಲ ನೀಲಿ ಬಣ್ಣದ್ದು. ಯಾವುದೋ ಒಂದು ದೊಡ್ಡ ಮೊಕದ್ದಮೆಯಲ್ಲಿ ಕಿರಿಯರ ದುಡಿಮೆಯನ್ನು ಮೆಚ್ಚಿದ ಸಿಲ್ಕ್ ಒಬ್ಬರು, ಅವರ ಹೆಸರಿನ ಅಕ್ಷರಗಳನ್ನು ಹೆಣೆಸಿದ ಕೆಂಪು ಚೀಲವನ್ನು ಉಡುಗೊರೆಯಾಗಿ ಕೊಡುವ ರೂಢಿಯುಂಟು. ಅದನ್ನು ಕೇಳಿ ಪಡೆಯುವಂತಿಲ್ಲ, ಕೊಂಡುಕೊಳ್ಳುವಂತೆಯೂ ಇಲ್ಲ.

ನಮ್ಮ ಕಡೆಯಿಂದ ಹೋಗಬಯಸುವವರಿಗೆ ಕೊನೆಯದಾಗಿ ಕೆಲವು ಮಾತು. ಭಾರತದಲ್ಲಿ ಈಗಾಗಲೇ ವಕೀಲಿ ಮಾಡುತ್ತಿರುವವರು ಅಲ್ಲಿಯ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿಗೆ ಅರ್ಜಿ ಸಲ್ಲಿಸಿ ತರಬೇತಿಯ ಕೆಲವು ಭಾಗಗಳಿಂದ ವಿನಾಯಿತಿ ಕೇಳಬಹುದು. ಅಂಥವರಿಗೆ ವರ್ಗಾವಣೆ ಪರೀಕ್ಷೆಯೊಂದಿದೆ. ಮಿಕ್ಕವರು ಮೊದಲಿನಿಂದ ಆರಂಭಿಸಬೇಕು. ಸಾಲ ಮಾಡಿ ಹೊರಡುವ ಮುನ್ನ ಪ್ಯೂಪಿಲೇಜಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿಕೊಳ್ಳುವುದು ಲೇಸು. ನಾಲ್ಕೂ ಇನ್ನುಗಳು ತಮ್ಮ ಹಿಂದಿನ ಸದಸ್ಯರು ಬಿಟ್ಟುಹೋದ ದತ್ತಿಗಳಿಂದಲೂ ಇತರ ಆದಾಯದಿಂದಲೂ ಪ್ರತಿವರ್ಷ ಲಕ್ಷಾಂತರ ಪೌಂಡುಗಳ ವಿದ್ಯಾರ್ಥಿವೇತನಗಳನ್ನು ಹಂಚುತ್ತವೆ. ಬಾರ್ ಕೋರ್ಸಿನ ವೇತನಕ್ಕೆ ಆ ಕೋರ್ಸು ಆರಂಭವಾಗುವ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಒಬ್ಬರು ಒಂದೇ ಇನ್ನಿಗೆ ಅರ್ಜಿ ಸಲ್ಲಿಸಬಹುದು.