ಸೂರ್ಯಕಾಂತಿಯ ಬಂಧುಬಳಗ

ಉಡುಪಿಗೆ ಸಮೀಪದ ಕೆಮ್ಮಣ್ಣು ಸುವರ್ಣಾ ನದಿಯ ತೀರದ ಒಂದು ಗ್ರಾಮ. ಪಶ್ಚಿಮಕ್ಕೆ ತುಸು ದೂರದಲ್ಲಿಯೇ ಅರಬ್ಬೀ ಸಮುದ್ರ. ಕರಾವಳಿಯ ಇಂತಹ ಊರುಗಳಲ್ಲಿ ಮನೆಯಿಂದ ಕಡಲಿನವರೆಗೆ ನಡೆದರೆ ಒಂದೇ ಸಸ್ಯಕುಟುಂಬದ ಹಲವು ಗಿಡಗಳು ಎದುರಾಗುತ್ತವೆ. ಅಂಗಳದಲ್ಲಿ ಸೇವಂತಿಗೆ, ಗೊಂಡೆ. ಗದ್ದೆಯ ಒದ್ದೆ ಬದುವಿನಲ್ಲಿ ಬಿಳಿಯ ಪುಟ್ಟ ಹೂವಿನ ಗರುಗ. ದಾರಿಯ ಅಂಚಿನಲ್ಲಿ ನಸುನೇರಳೆಯ ಸಹದೇವಿ. ಕಡಲದಂಡೆಯ ಮರಳಿನಲ್ಲಿ ಹಳದಿ ಹೂ ಬಿಡುತ್ತ ಹಬ್ಬುವ ಒಂದು ಬಳ್ಳಿ. ಇವೆಲ್ಲವೂ ಸೂರ್ಯಕಾಂತಿಯ ಬಂಧುಗಳು. ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಆಸ್ಟರೇಸೀ ಎಂದು ಕರೆಯುತ್ತಾರೆ. ಇದರಲ್ಲಿ 30,000ಕ್ಕೂ ಮಿಕ್ಕ ಪ್ರಭೇದಗಳಿವೆ. ಹೂಬಿಡುವ ಸಸ್ಯಗಳಲ್ಲಿ ಇದಕ್ಕೆ ಸರಿದೊರೆಯಾಗಬಲ್ಲದ್ದು ಸೀತಾಳೆ ಹೂಗಳ ಕುಟುಂಬವೊಂದೇ.

ರೂಪದಲ್ಲಿ ಇಷ್ಟು ಭಿನ್ನವಾದ ಗಿಡಗಳನ್ನು ಒಂದುಗೂಡಿಸುವ ಲಕ್ಷಣ ಯಾವುದು? ಗೊಂಡೆ ಹೂವೊಂದನ್ನು ಬಿಡಿಸಿ ನೋಡಿದರೆ ಉತ್ತರ ದೊರೆಯುತ್ತದೆ. ದಳವೆಂದು ಕಿತ್ತ ಪ್ರತಿಯೊಂದರ ಬುಡದಲ್ಲಿಯೂ ಕಡ್ಡಿಯಂತಹ ಎಳೆಗಾಯಿ ಅಂಟಿಕೊಂಡಿರುತ್ತದೆ. ಎಂದರೆ ಅದು ತಾನೇ ಒಂದು ಪೂರ್ಣ ಹೂ. ಒಂದು ಹೂವೆಂದು ತೋರಿದ್ದು ವಾಸ್ತವವಾಗಿ ಅನೇಕ ಕಿರುಹೂಗಳ ಕೂಟ. ಹಸಿರು ಬಟ್ಟಲಿನಂತಹ ಹೊರಹೊದಿಕೆಯೊಂದು ಅವುಗಳನ್ನೆಲ್ಲ ಒಟ್ಟಾಗಿ ಹಿಡಿದಿರುತ್ತದೆ.

ಸೂರ್ಯಕಾಂತಿಯಲ್ಲಿ ಈ ಕೂಟದ ಕೆಲಸದ ಹಂಚಿಕೆ ಸ್ಪಷ್ಟವಾಗಿ ಕಾಣುತ್ತದೆ. ಅಂಚಿನ ಹಳದಿ ಹೂಗಳು ಕೀಟಗಳನ್ನು ಆಕರ್ಷಿಸುತ್ತವೆ. ಅವು ಬೀಜ ಕಟ್ಟುವುದಿಲ್ಲ. ಬೀಜ ಕಟ್ಟುವ ಹೊಣೆ ನಡುವಿನ ನೂರಾರು ಕಿರುಹೂಗಳದು. ಅವು ಒಮ್ಮೆಗೇ ಅರಳದೆ, ಅಂಚಿನಿಂದ ಒಳಮುಖವಾಗಿ ಹಲವು ದಿನ ಸಾಲುಸಾಲಾಗಿ ಅರಳುತ್ತವೆ. ಜೇನ್ನೊಣವೊಂದು ಸುಮ್ಮನೆ ಅದರ ಮೇಲೆ ನಡೆದಾಡಿದರೂ ಹತ್ತಾರು ಹೂಗಳಿಗೆ ಪರಾಗ ತಲಪುತ್ತದೆ. ಸೂರ್ಯಕಾಂತಿ ದಿನವಿಡೀ ಸೂರ್ಯನತ್ತ ತಿರುಗುತ್ತದೆಂಬ ಮಾತು ಎಳೆಯ ಗಿಡದ ಮಟ್ಟಿಗೆ ನಿಜ. ಅರಳಿದ ಹೂ ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಹೀಗೆ ಬೆಳಗಿನ ಬಿಸಿಲಿಗೆ ಬೇಗನೆ ಬೆಚ್ಚಗಾಗುವ ಹೂಗಳಿಗೆ ಹೆಚ್ಚು ಕೀಟಗಳು ಬರುತ್ತವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಬೀಜ ಕಟ್ಟಿದ ಮೇಲೆ ಅದನ್ನು ಹರಡುವ ಉಪಾಯವೂ ಬೇಕಷ್ಟೆ. ಈ ಕುಟುಂಬದ ಅನೇಕ ಗಿಡಗಳಲ್ಲಿ ಕಾಯಿಯ ತುದಿಗೆ ನವಿರಾದ ಕೂದಲಿನ ಕುಚ್ಚಿದೆ. ಸಹದೇವಿಯ ಬೀಜ ಆ ಕುಚ್ಚಿನ ನೆರವಿನಿಂದ ಗಾಳಿಯಲ್ಲಿ ತೇಲಿ ದೂರದ ನೆಲವನ್ನು ಸೇರುತ್ತದೆ.

ಮನುಷ್ಯನಿಗೆ ಈ ಬಳಗದಿಂದ ಆಗಿರುವ ಉಪಕಾರ ಸಣ್ಣದಲ್ಲ. ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳುಗಳು ಎಣ್ಣೆ ಕೊಡುತ್ತವೆ. ಗರುಗದ ರಸ ಸೇರಿಸಿ ಕಾಯಿಸಿದ ಎಣ್ಣೆಯನ್ನು ತಲೆಗೂದಲಿಗೆ ಹಚ್ಚುವ ರೂಢಿ ಹಳೆಯದು. ಸೇವಂತಿಗೆ, ಗೊಂಡೆಗಳಿಲ್ಲದ ಹಬ್ಬವೇ ವಿರಳ.

ಆದರೆ ಹರಡುವ ಈ ಸಾಮರ್ಥ್ಯವೇ ಕೆಲವೆಡೆ ಕೇಡಾಗಿಯೂ ಪರಿಣಮಿಸಿದೆ. ಜನರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಅಮೆರಿಕ ಮೂಲದ ಪೊದೆ ಕರಾವಳಿಯ ಮುರಕಲ್ಲಿನ ಗುಡ್ಡಗಳನ್ನು ಮುಸುಕಿದೆ. ಅದರ ನೆರಳಿನಲ್ಲಿ ಹುಲ್ಲೂ ಸ್ಥಳೀಯ ಗಿಡಗಳೂ ಸೊರಗುತ್ತವೆ. ಒಳನಾಡಿನ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವಿಡೀ ವ್ಯಾಪಿಸಿತು. ಅದರ ಸ್ಪರ್ಶದಿಂದ ಅನೇಕರಿಗೆ ಚರ್ಮರೋಗ ಬರುತ್ತದೆ. ಅದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ನೆಲೆಯೂರಿತು, ಗಿಡ ಮಾತ್ರ ಅಳಿಯಲಿಲ್ಲ.

ಹೊರನಾಡಿನಿಂದ ಬಂದುದೆಂಬುದೇ ಗಿಡದ ದೋಷವಲ್ಲ. ಗೊಂಡೆಯೂ ಮೆಕ್ಸಿಕೋದಿಂದಲೇ ಬಂದದ್ದು. ಅದು ನೆಟ್ಟಲ್ಲಿ ಬೆಳೆದು ಹೂ ಕೊಡುತ್ತದೆ. ಪಾರ್ಥೇನಿಯಂ ನೆರೆಯ ಗಿಡಗಳ ನೆಲವನ್ನು ಕಸಿಯುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಎಲ್ಲವನ್ನೂ ಕಳೆಯೆಂದು ಕಿತ್ತರೆ, ಮರಳನ್ನು ಹಿಡಿದಿಡುವ ಕಡಲದಂಡೆಯ ಬಳ್ಳಿಯೂ ಬದುವಿನ ಗರುಗವೂ ನಾಶವಾಗುತ್ತವೆ. ಏನನ್ನೂ ಕೀಳದೆ ಬಿಟ್ಟರೆ ಗುಡ್ಡವೇ ಪರರ ಪಾಲಾಗುತ್ತದೆ. ಆದ್ದರಿಂದ ಗಿಡವನ್ನು ಕೀಳುವ ಮುನ್ನ ಅದನ್ನು ಗುರುತಿಸಲು ಕಲಿಯಬೇಕು. ಪಾರ್ಥೇನಿಯಂ ಎಂದು ಖಚಿತವಾದರೆ, ಕೈಗೆ ಕವಚ ತೊಟ್ಟು, ಹೂ ಬಿಡುವುದಕ್ಕೆ ಮೊದಲೇ ಬೇರುಸಹಿತ ಕೀಳಬೇಕು.