ಕಾಳಗದ ಬಯಲಿನಲ್ಲಿ ಕಾದಂಬರಿಕಾರ

ಐವತ್ತೈದು ವರ್ಷಗಳ ಹಿಂದೆ ಮುಗಿದುಹೋದ ಕಾಳಗವನ್ನು ಕಾದಂಬರಿಕಾರನು ಕಾಣುವುದೆಂತು? ಗ್ರಂಥಗಳನ್ನು ಓದಿ ಎನ್ನಬಹುದು. ಆದರೆ ಗ್ರಂಥಗಳೆಲ್ಲವೂ ನಿಜವನ್ನೇ ನುಡಿಯುತ್ತವೆಯೆ? ‘ಯುದ್ಧ ಮತ್ತು ಶಾಂತಿ’ಯನ್ನು ಬರೆಯುವಾಗ ರಷ್ಯದ ಲಿಯೊ ಟಾಲ್‌ಸ್ಟಾಯ್‌ನನ್ನು ಕಾಡಿದ ಪ್ರಶ್ನೆಯಿದು.

ಈ ಸಂಶಯಕ್ಕೆ ಸ್ವಾನುಭವವೇ ಕಾರಣ. ತಾರುಣ್ಯದಲ್ಲಿ ಆತನು ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದನು. 1855ರಲ್ಲಿ ನಗರವು ಶತ್ರುವಶವಾದ ಬಳಿಕ, ಇಪ್ಪತ್ತಕ್ಕೂ ಹೆಚ್ಚು ಅಧಿಕಾರಿಗಳ ವರದಿಗಳನ್ನು ಒಂದಾಗಿ ಹೆಣೆಯುವ ಕೆಲಸವು ಆತನ ಪಾಲಿಗೆ ಬಂದಿತು. ತಾವು ಅರಿಯಲಾಗದಿದ್ದುದನ್ನೂ ಅವರು ಮೇಲಿನವರ ಅಪ್ಪಣೆಯಂತೆ ಬರೆದುಕೊಟ್ಟಿದ್ದರು. ಇಂತಹ ವರದಿಗಳೇ ಮುಂದೆ ಚರಿತ್ರೆಯಾಗುವುವೆಂಬುದನ್ನು ಟಾಲ್‌ಸ್ಟಾಯ್ ಮರೆಯಲಿಲ್ಲ.

ಹಾಗೆಂದು ಆತನು ಗ್ರಂಥಗಳನ್ನು ತೊರೆದವನಲ್ಲ. 1863ರಿಂದ 1869ರವರೆಗೆ ನಡೆದ ಈ ರಚನೆಗಾಗಿ ಚರಿತ್ರೆ, ದಿನಚರಿ, ಪತ್ರಗಳ ಭಂಡಾರವನ್ನೇ ಕೂಡಿಹಾಕಿದನು. ಮನೆತನದ ಹಿರಿಯರೂ ಪಾತ್ರಗಳಿಗೆ ರೂಪುಕೊಟ್ಟರು. ವೃದ್ಧ ಬೊಲ್ಕೊನ್‌ಸ್ಕಿಗೆ ಆತನ ತಾಯಿಯ ತಂದೆಯೇ ಮಾದರಿ.

1812ರಲ್ಲಿ ನೆಪೋಲಿಯನ್ನನ ಸೇನೆಯೊಡನೆ ರಷ್ಯನರು ಕಾದಿದ ಬೊರೊಡಿನೊ ಬಯಲಿಗೆ 1867ರ ಸೆಪ್ಟೆಂಬರಿನಲ್ಲಿ ಆತನೇ ಹೋದನು. ಎರಡು ದಿನ ಅಲ್ಲೆಲ್ಲ ಅಲೆದು, ಸೇನೆಗಳು ನಿಂತ ನೆಲೆಗಳ ನಕ್ಷೆಯನ್ನು ಬರೆದುಕೊಂಡನು. ಮುಂಜಾವಿನಲ್ಲಿ ಕಾಡಿನ ನೆರಳು ಹೇಗೆ ಬೀಳುವುದೆಂಬುದನ್ನು ಗುರುತಿಸಿದನು. ಉದಯಸೂರ್ಯನು ಫ್ರೆಂಚರ ಕಣ್ಣಿಗೇ ಹೊಡೆಯುತ್ತಿದ್ದನೆಂಬುದನ್ನು ಟಿಪ್ಪಣಿ ಮಾಡಿಕೊಂಡನು. ಕಾದಂಬರಿಯಲ್ಲಿ ಆ ಬಯಲನ್ನು ನಮಗೆ ತೋರಿಸುವವನು ಸೇನಾಪತಿಯಲ್ಲ. ಯುದ್ಧವನ್ನೇ ಅರಿಯದೆ ಬಿಳಿಯ ಟೋಪಿ ಧರಿಸಿ ಬಂದ ಪಿಯೇರ್. ಅವನ ದಿಗ್ಭ್ರಮೆಯಲ್ಲಿಯೇ ಕಾಳಗದ ನಿಜರೂಪವು ಓದುಗರಿಗೆ ಗೋಚರಿಸುತ್ತದೆ.

ಬರೆದುದೂ ಒಮ್ಮೆಗೇ ನಿಲ್ಲುತ್ತಿರಲಿಲ್ಲ. ಗೀಚಿ ತಿದ್ದಿದ ಹಾಳೆಗಳನ್ನು ಪತ್ನಿ ಸೋಫಿಯಾ ರಾತ್ರಿ ಕುಳಿತು ಶುದ್ಧಪ್ರತಿ ಮಾಡಿದರೆ, ಆ ಪ್ರತಿಯನ್ನೂ ಆತನು ಮತ್ತೆ ತಿದ್ದುವನು. ಅಚ್ಚುಮನೆಯ ಕರಡು ಕೂಡ ಆತನ ಲೇಖನಿಯಿಂದ ಪಾರಾಗುತ್ತಿರಲಿಲ್ಲ.

ಇಷ್ಟಾದರೂ ಆಕ್ಷೇಪವು ತಪ್ಪಲಿಲ್ಲ. ಬೊರೊಡಿನೊದಲ್ಲಿ ಕಾಲನ್ನೇ ಕಳೆದುಕೊಂಡಿದ್ದ ನೊರೊವ್ ಎಂಬ ಹಿರಿಯನು, ವೀರರ ಕೀರ್ತಿಗೆ ಈ ಕೃತಿಯು ಕುಂದು ತಂದಿತೆಂದು ನೊಂದು ಬರೆದನು. ಆತನ ನೋವು ಸಹಜವಾದುದೇ. ಆದರೆ ಇತಿಹಾಸಕಾರನು ಘಟನೆಯ ಫಲವನ್ನು ನೋಡುವನು, ಕಲಾವಿದನು ಘಟನೆಯನ್ನೇ ನೋಡುವನೆಂಬುದು 1868ರ ಲೇಖನವೊಂದರಲ್ಲಿ ಟಾಲ್‌ಸ್ಟಾಯ್ ಮುಂದಿಟ್ಟ ವಾದ. ವಿಜಯಸ್ತಂಭದ ಮೇಲೆ ದಳಪತಿಗಳ ಹೆಸರುಗಳಿಗೆ ಎಡೆಯುಂಟು. ಹೊಗೆಯಲ್ಲಿ ದಾರಿ ಕಾಣದೆ ತತ್ತರಿಸಿದ ಸಾಮಾನ್ಯ ಸಿಪಾಯಿಗೆ ಎಡೆ ದೊರೆತುದು ಕಾದಂಬರಿಯಲ್ಲಿ.