ಭಾನುವಾರದ ಗಂಟೆ

ನಮ್ಮ ಕಲಿಕಾ ಕೇಂದ್ರ ಬೆಂಗಳೂರಿನ ಶಿವಾಜಿನಗರದ ಒಂದು ಓಣಿಯಲ್ಲಿದೆ. ಸಂಜೆ ಏಳು ಗಂಟೆಗೆ ಅಕ್ಕಂದಿರು ಬರುತ್ತಾರೆ. ಕೆಲವರು ರಸೆಲ್ ಮಾರುಕಟ್ಟೆಯ ಬಳಿ ಹೂವು, ತರಕಾರಿ ಮಾರುತ್ತಾರೆ. ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ. ಒಬ್ಬೊಬ್ಬರ ಮನೆಮಾತು ಒಂದೊಂದು. ಕನ್ನಡ, ತಮಿಳು, ಉರ್ದು, ತೆಲುಗು. ದೇವರ ಹೆಸರೂ ಬೇರೆ ಬೇರೆ. ಆದರೆ ಪುಸ್ತಕ ಬಿಚ್ಚಿದಾಗ ಎಲ್ಲರೂ ಒಂದೇ.

ಮಾರುಕಟ್ಟೆಯ ಹತ್ತಿರವೇ ದೊಡ್ಡ ಚರ್ಚು ಇದೆ. ಅದು ಸಂತ ಮರಿಯಮ್ಮನವರ ಚರ್ಚು. ಅದರ ಗಂಟೆ ನಮ್ಮ ಕೇಂದ್ರಕ್ಕೂ ಕೇಳಿಸುತ್ತದೆ. ಒಂದು ದಿನ ಗಂಟೆ ಹೊಡೆಯಿತು. ಹೂ ಮಾರುವ ಅಕ್ಕ ಕೇಳಿದರು.

"ಟೀಚರ್, ಇಪ್ಪತ್ತು ವರ್ಷದಿಂದ ಆ ಚರ್ಚಿನ ಹತ್ರಾನೇ ಹೂ ಮಾರ್ತಾ ಇದೀನಿ. ಹಬ್ಬಕ್ಕೆ ಮೇಣದಬತ್ತೀನೂ ಹಚ್ಚಿದೀನಿ. ಆದ್ರೆ ಭಾನುವಾರ ಅಷ್ಟು ಹೊತ್ತು ಒಳಗೆ ಕೂತು ಅವರು ಏನ್ ಮಾಡ್ತಾರೆ?"

ಪಕ್ಕದಲ್ಲಿ ಒಬ್ಬ ಕ್ರೈಸ್ತ ಅಕ್ಕ ಕೂತಿದ್ದರು. ಅವರು ಹಾಸನದ ಕಡೆಯವರು. ಅವರು ಮೆಲ್ಲಗೆ ಹೇಳಿದರು.

"ನಾನು ಹುಟ್ಟಿದಾಗಿಂದ ಪೂಜೆಗೆ ಹೋಗ್ತೀನಿ. ಎಲ್ಲಾ ಪ್ರಾರ್ಥನೆ ಬಾಯಲ್ಲಿ ಬರುತ್ತೆ. ಆದ್ರೆ ಪುಸ್ತಕ ನೋಡಿ ಓದಿದ್ದು ಒಂದು ದಿನಾನೂ ಇಲ್ಲ."

ಈ ಇಬ್ಬರ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಒಂದು ಭಾನುವಾರ ನಾವೂ ಆ ಕ್ರೈಸ್ತ ಅಕ್ಕನ ಜೊತೆ ಪೂಜೆಗೆ ಹೋದೆವು. ನೋಡಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಈ ಚರ್ಚು ಎಷ್ಟು ಹಳೆಯದು?

ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಲ್ಲಿ ಎಂಬ ಹೆಸರಿತ್ತು. ಇಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರಂತೆ. 'ಬಿಳಿ ಅಕ್ಕಿ ಪಳ್ಳಿ' ಎಂಬುದೇ ಹೀಗೆ ಆಯಿತು ಎಂದು ಹೇಳುತ್ತಾರೆ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ದಂಡು ಎಂದರೆ ಸೈನ್ಯ ಇರುವ ಜಾಗ, ಕಂಟೋನ್ಮೆಂಟು. ದಂಡಿನ ಜೊತೆ ತಮಿಳುನಾಡಿನ ಕಡೆಯಿಂದ ಬಹಳ ಜನ ಕೆಲಸಕ್ಕೆ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದರು.

ಆಗ ದುಬ್ವಾ ಎಂಬ ಫ್ರಾನ್ಸ್ ದೇಶದ ಗುರುಗಳು ಮೈಸೂರು ಸೀಮೆಯಲ್ಲಿದ್ದರು. ಅವರು 1818ರ ಸುಮಾರಿಗೆ ಇಲ್ಲಿ ಹುಲ್ಲು ಹೊದಿಸಿದ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಈಗಿನ ದೊಡ್ಡ ಚರ್ಚಿನ ಕೆಲಸ 1875ರಲ್ಲಿ ಶುರುವಾಯಿತು. 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆ ಆಯಿತು. ಎತ್ತರದ ಗೋಪುರ, ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ. 1973ರಲ್ಲಿ ಪೋಪ್ ಆರನೇ ಪೌಲರು ಇದಕ್ಕೆ 'ಬಸಿಲಿಕ' ಎಂಬ ಗೌರವ ಕೊಟ್ಟರು. ಪೋಪ್ ಎಂದರೆ ಲೋಕದ ಎಲ್ಲ ಕಥೋಲಿಕ ಕ್ರೈಸ್ತರ ಹಿರಿಯ ಗುರು.

ಇಲ್ಲಿನ ಮರಿಯಮ್ಮನವರಿಗೆ ಸೀರೆ ಉಡಿಸುತ್ತಾರೆ. ಆರೋಗ್ಯಮಾತೆ ಎಂದೂ ಕರೆಯುತ್ತಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಗ ಜನ ಈ ತಾಯಿಗೆ ಮೊರೆ ಹೋದರು ಎಂದು ಹಿರಿಯರು ಹೇಳುತ್ತಾರೆ. ಪ್ರತಿವರ್ಷ ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ. ಸೆಪ್ಟೆಂಬರ್ 8ಕ್ಕೆ ಹಬ್ಬ. ಅಂದು ತೇರು ಎಳೆಯುತ್ತಾರೆ. ಹರಕೆ ಹೊತ್ತವರು ಕಾವಿ ಬಟ್ಟೆ ಉಡುತ್ತಾರೆ. ಎಲ್ಲ ಧರ್ಮದವರೂ ಬರುತ್ತಾರೆ.

ಹಬ್ಬ ವರ್ಷಕ್ಕೆ ಒಂದು ಸಲ. ಆದರೆ ಚರ್ಚಿನ ಬಾಳು ನಡೆಯುವುದು ವಾರದ ಲೆಕ್ಕದಲ್ಲಿ.

ಭಾನುವಾರ ಒಳಗೆ ಏನು ನಡೆಯುತ್ತದೆ?

ಯೇಸು ಶುಕ್ರವಾರ ಶಿಲುಬೆಯ ಮೇಲೆ ಸತ್ತರು, ಭಾನುವಾರ ಮತ್ತೆ ಎದ್ದರು ಎಂದು ಕ್ರೈಸ್ತರು ನಂಬುತ್ತಾರೆ. ಅದಕ್ಕೇ ಅವರಿಗೆ ಭಾನುವಾರ ದೊಡ್ಡ ದಿನ. ಸಾಯುವ ಹಿಂದಿನ ರಾತ್ರಿ ಯೇಸು ತಮ್ಮ ಶಿಷ್ಯರ ಜೊತೆ ಊಟಕ್ಕೆ ಕೂತರು. ರೊಟ್ಟಿ ಮುರಿದು ಹಂಚಿದರು. ನನ್ನ ನೆನಪಿಗೆ ಹೀಗೆ ಮಾಡಿ ಎಂದರು. ಆ ಊಟದ ನೆನಪೇ ಭಾನುವಾರದ ಪೂಜೆ. ಇದಕ್ಕೆ 'ಬಲಿಪೂಜೆ' ಎನ್ನುತ್ತಾರೆ.

ಪೂಜೆಯಲ್ಲಿ ಎರಡು ಮುಖ್ಯ ಭಾಗ. ಮೊದಲನೆಯದು ಕೇಳುವುದು. ಎರಡನೆಯದು ಹಂಚಿಕೊಳ್ಳುವುದು.

ಶುರುವಿನಲ್ಲಿ ಎಲ್ಲರೂ ತಮ್ಮ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಆಮೇಲೆ ಬೈಬಲ್ಲಿನಿಂದ ಓದುತ್ತಾರೆ. ಮೊದಲ ವಾಚನ, ಒಂದು ಕೀರ್ತನೆ, ಎರಡನೆಯ ವಾಚನ. ನಂತರ ಶುಭಸಂದೇಶ. ಶುಭಸಂದೇಶ ಎಂದರೆ ಯೇಸುವಿನ ಕಥೆ, ಯೇಸುವಿನ ಮಾತು. ಅದನ್ನು ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಆಮೇಲೆ ಗುರುಗಳು ಅದರ ಅರ್ಥ ಹೇಳುತ್ತಾರೆ.

ಇದರಲ್ಲಿ ಒಂದು ವಿಶೇಷ ಇದೆ. ಯಾವ ಭಾನುವಾರ ಯಾವ ಭಾಗ ಓದಬೇಕು ಎಂದು ಮೊದಲೇ ಪಟ್ಟಿ ಆಗಿದೆ. ಮೂರು ವರ್ಷಕ್ಕೆ ಒಂದು ಸುತ್ತು. ಶಿವಾಜಿನಗರದಲ್ಲಿ ಓದಿದ ಭಾಗವನ್ನೇ ಅದೇ ದಿನ ಮಂಗಳೂರಿನಲ್ಲೂ ಓದುತ್ತಾರೆ, ರೋಮಿನಲ್ಲೂ ಓದುತ್ತಾರೆ. ಭಾಷೆ ಮಾತ್ರ ಬೇರೆ.

ಎರಡನೆಯ ಭಾಗದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪೀಠಕ್ಕೆ ತರುತ್ತಾರೆ. ರೊಟ್ಟಿ ಎಂದರೆ ನಮ್ಮ ಅಡುಗೆಮನೆಯ ರೊಟ್ಟಿ ಅಲ್ಲ. ಹುಳಿ ಹಾಕದ ಗೋಧಿ ಹಿಟ್ಟಿನ ತೆಳ್ಳಗಿನ ಬಿಲ್ಲೆ. ಗುರುಗಳು ಅದರ ಮೇಲೆ ಪ್ರಾರ್ಥನೆ ಮಾಡುತ್ತಾರೆ. ಅದು ಯೇಸುವಿನ ಶರೀರವೇ ಆಗುತ್ತದೆ ಎಂದು ಕಥೋಲಿಕರು ನಂಬುತ್ತಾರೆ. ಅದನ್ನು 'ಪರಮ ಪ್ರಸಾದ' ಎನ್ನುತ್ತಾರೆ. ಪ್ರಸಾದಕ್ಕೆ ಮೊದಲು ಅಕ್ಕಪಕ್ಕದವರು ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಹಾರೈಸುತ್ತಾರೆ. ಜಗಳ ಆಡಿದ ನೆರೆಯವರು ಪಕ್ಕದಲ್ಲಿದ್ದರೂ ಕೈಮುಗಿಯಬೇಕು!

ಬೇರೆ ಧರ್ಮದವರು ಒಳಗೆ ಕೂರಬಹುದೇ? ಧಾರಾಳವಾಗಿ ಕೂರಬಹುದು. ಪ್ರಸಾದ ಮಾತ್ರ ತೆಗೆದುಕೊಳ್ಳಬಾರದು. ಅದು ಅವರ ನಂಬಿಕೆಯ ಕಟ್ಟಳೆ. ನಾವು ಸುಮ್ಮನೆ ಕೂತಿದ್ದೆವು. ಯಾರೂ ಏನೂ ಅನ್ನಲಿಲ್ಲ.

ಓದುವವರು ಯಾರು?

ಅರವತ್ತು ವರ್ಷದ ಹಿಂದಿನವರೆಗೆ ಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಲತೀನ್ ಎಂದರೆ ರೋಮಿನ ಹಳೆಯ ಭಾಷೆ. ಜನರಿಗೆ ಅದು ಅರ್ಥವಾಗುತ್ತಿರಲಿಲ್ಲ. ಗುರುಗಳು ಪೀಠದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಹೆಂಗಸರು ಕೂತು ಜಪಮಾಲೆ ಎಣಿಸುತ್ತಿದ್ದರು.

1962ರಿಂದ 1965ರವರೆಗೆ ರೋಮಿನಲ್ಲಿ ಲೋಕದ ಎಲ್ಲ ಧರ್ಮಾಧ್ಯಕ್ಷರ ದೊಡ್ಡ ಸಭೆ ಸೇರಿತು. ಜನರ ಮಾತಿನಲ್ಲೇ ಪೂಜೆ ಮಾಡಬಹುದು ಎಂದು ಆ ಸಭೆ 1963ರಲ್ಲಿ ಒಪ್ಪಿತು. ಹೀಗೆ ಕನ್ನಡ ಪೀಠದ ಹತ್ತಿರ ಬಂತು. ಈಗ ಬಸಿಲಿಕದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ.

ಭಾಷೆಯ ಜೊತೆ ಇನ್ನೊಂದೂ ಬದಲಾಯಿತು. ಶುಭಸಂದೇಶವನ್ನು ಗುರುಗಳು ಓದುತ್ತಾರೆ. ಉಳಿದ ವಾಚನಗಳನ್ನು ಸಾಮಾನ್ಯ ಜನ ಓದುತ್ತಾರೆ. ಗಂಡಸರೂ ಓದುತ್ತಾರೆ, ಹೆಂಗಸರೂ ಓದುತ್ತಾರೆ. ಕಥೋಲಿಕರಲ್ಲಿ ಹೆಂಗಸರು ಗುರುಗಳಾಗುವಂತಿಲ್ಲ. ವಿಧಿಪೂರ್ವಕವಾಗಿ ವಾಚಕರಾಗಿ ನೇಮಕ ಆಗುವುದೂ ಗಂಡಸರಿಗೆ ಮಾತ್ರ ಇತ್ತು. 2021ರ ಜನವರಿಯಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಅವರು ಈ ಕಾನೂನನ್ನು ಬದಲಿಸಿದರು. ಈಗ ಹೆಂಗಸರಿಗೂ ಆ ನೇಮಕ ಸಿಗುತ್ತದೆ.

ಅಂದರೆ ಬಾಗಿಲು ತೆರೆದಿದೆ. ಆದರೆ ಒಳಗೆ ಹೋಗಿ ಓದಲು ಅಕ್ಷರ ಬೇಕು.

ಪೂಜೆ ಮುಗಿದ ಮೇಲೆ

ಒಂದು ಚರ್ಚು, ಅದಕ್ಕೆ ಸೇರಿದ ಬೀದಿಗಳು, ಮನೆಗಳು, ಇವೆಲ್ಲ ಸೇರಿ ಒಂದು 'ಧರ್ಮಕೇಂದ್ರ'. ಧರ್ಮಕೇಂದ್ರದ ಕೆಲಸ ಪೂಜೆಯ ಜೊತೆಗೆ ಮುಗಿಯುವುದಿಲ್ಲ.

ಮಕ್ಕಳಿಗೆ ಧರ್ಮದ ಪಾಠ ಇರುತ್ತದೆ. ಹಾಡುವವರ ತಂಡ ಅಭ್ಯಾಸ ಮಾಡುತ್ತದೆ. ಒಂದೊಂದು ಬೀದಿಯ ಮನೆಯವರು ಒಂದು ಮನೆಯಲ್ಲಿ ಸೇರುತ್ತಾರೆ. ಬೈಬಲ್ ಓದುತ್ತಾರೆ. ಯಾರಿಗೆ ಕಾಯಿಲೆ, ಯಾರಿಗೆ ಕೆಲಸ ಹೋಯಿತು ಎಂದು ಮಾತಾಡುತ್ತಾರೆ. ಅನೇಕ ಚರ್ಚುಗಳಲ್ಲಿ ವಿನ್ಸೆಂಟ್ ದಿ ಪಾಲ್ ಸಂಘ ಇದೆ. ಇದು 1833ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿತು. ಇದರವರು ಬಡವರ ಮನೆಗೇ ಹೋಗಿ ನೋಡುತ್ತಾರೆ. ಅಕ್ಕಿ, ಔಷಧಿ, ಶಾಲೆ ಫೀಸಿಗೆ ಸಹಾಯ ಮಾಡುತ್ತಾರೆ.

ಕಾಣಿಕೆ ಹಣದ ಲೆಕ್ಕ ಯಾರು ನೋಡುತ್ತಾರೆ? 1983ರ ಚರ್ಚಿನ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕು. ಜನ ಕೊಟ್ಟ ಹಣದ ಲೆಕ್ಕವನ್ನು ಜನರಿಗೆ ಹೇಳಬೇಕು. ಲೆಕ್ಕದ ಹಾಳೆ ಓದಲು ಬಂದರೆ ಪ್ರಶ್ನೆ ಕೇಳಲೂ ಬರುತ್ತದೆ. ಇದು ಚರ್ಚಿಗೆ ಮಾತ್ರವೇ? ನಮ್ಮ ಸ್ತ್ರೀಶಕ್ತಿ ಸಂಘಕ್ಕೂ ಇದೇ ಮಾತು.

ದೊಡ್ಡ ಪುಸ್ತಕ

ಪ್ರತಿ ಧರ್ಮಕೇಂದ್ರದಲ್ಲೂ ದೊಡ್ಡ ದೊಡ್ಡ ದಾಖಲೆ ಪುಸ್ತಕಗಳಿವೆ. ಜ್ಞಾನಸ್ನಾನಕ್ಕೆ ಒಂದು, ಮದುವೆಗೆ ಒಂದು, ಸಾವಿಗೆ ಒಂದು. ಜ್ಞಾನಸ್ನಾನ ಎಂದರೆ ಮಗುವಿನ ತಲೆಗೆ ನೀರೆರೆದು ಚರ್ಚಿಗೆ ಸೇರಿಸುವ ವಿಧಿ.

ಕ್ರೈಸ್ತ ಹುಡುಗ ಹುಡುಗಿಗೆ ಮದುವೆ ಗೊತ್ತಾದರೆ ಜ್ಞಾನಸ್ನಾನದ ಪತ್ರ ಬೇಕು. ಅದನ್ನು ಹೊಸದಾಗಿ ಬರೆಸಿಕೊಂಡು ಬರಬೇಕು. ಯಾಕೆ? ಮದುವೆ ಆದ ಮೇಲೆ ಆ ವಿಷಯವನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯುತ್ತಾರೆ. ಮೊದಲೇ ಮದುವೆಯಾದವನು ಮುಚ್ಚಿಟ್ಟರೆ ಹೊಸ ಪತ್ರದಲ್ಲಿ ಗೊತ್ತಾಗುತ್ತದೆ. ಅಲ್ಲದೆ ಮದುವೆಯ ಸುದ್ದಿಯನ್ನು ಸಾಮಾನ್ಯವಾಗಿ ಮೂರು ಭಾನುವಾರ ಪೂಜೆಯಲ್ಲಿ ಓದಿ ಹೇಳುತ್ತಾರೆ. ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಬಂದು ತಿಳಿಸಬೇಕು. ಹೆಣ್ಣಿಗೆ ಮೋಸ ಆಗದಂತೆ ಇದೊಂದು ಬೇಲಿ.

ನಮ್ಮ ಕ್ರೈಸ್ತ ಅಕ್ಕನ ಮಗಳಿಗೂ ಮದುವೆ ಗೊತ್ತಾಯಿತು. ಅಕ್ಕ ತಮ್ಮ ಊರಿನ ಚರ್ಚಿಗೆ ಹೋಗಿ ಮಗಳ ಪತ್ರ ತಂದರು. ಅಷ್ಟು ಹೊತ್ತಿಗೆ ಅವರು ನಮ್ಮಲ್ಲಿ ಎರಡನೆಯ ಪುಸ್ತಕ ಮುಗಿಸಿದ್ದರು. ಕೇಂದ್ರದಲ್ಲಿ ಕೂತು ಪತ್ರವನ್ನು ಬೆರಳಿಟ್ಟು ಓದಿದರು. ಮಗುವಿನ ಹೆಸರು ಸರಿ. ತಂದೆಯ ಹೆಸರು ಸರಿ. ತಾಯಿಯ ಹೆಸರಿನ ಮುಂದೆ ಬೆರಳು ನಿಂತಿತು.

"ಟೀಚರ್, ಇದು ನನ್ ಹೆಸರಲ್ಲ. ನಮ್ಮತ್ತೆ ಹೆಸರು."

ಆಗಿದ್ದು ಇಷ್ಟು. ಜ್ಞಾನಸ್ನಾನದ ದಿನ ಅಕ್ಕ ಬಾಣಂತಿ. ಮನೆಯಲ್ಲೇ ಇದ್ದರು. ಮಗುವನ್ನು ಎತ್ತಿಕೊಂಡು ಹೋಗಿದ್ದು ಅತ್ತೆ. ಬರೆಯುವವರು ಎತ್ತಿಕೊಂಡವರ ಹೆಸರನ್ನೇ ಬರೆದುಬಿಟ್ಟಿದ್ದರು. ಅದರ ಹಳೆಯ ಪ್ರತಿ ಇಪ್ಪತ್ತೆರಡು ವರ್ಷ ಅಕ್ಕನ ಟ್ರಂಕಿನಲ್ಲೇ ಇತ್ತು. ಅದನ್ನು ಎಷ್ಟೋ ಸಲ ಬಿಸಿಲಿಗೆ ಹರಡಿ, ಒರೆಸಿ, ಮಡಚಿ ಇಟ್ಟಿದ್ದರು. ಹೆತ್ತವಳ ಹೆಸರೇ ಅದರಲ್ಲಿಲ್ಲ ಎಂದು ಗೊತ್ತಿರಲಿಲ್ಲ.

ಅಕ್ಕ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಎದ್ದರು. ಮಗಳ ಶಾಲೆಯ ಪತ್ರ, ಜನನ ಪತ್ರ, ತಮ್ಮ ಮದುವೆಯ ಪತ್ರ, ಎಲ್ಲ ಹಿಡಿದುಕೊಂಡು ಊರಿಗೆ ಹೋದರು. ಗುರುಗಳು ನೋಡಿದರು. ತಪ್ಪು ಎಂದು ಒಪ್ಪಿದರು. ಮೇಲಿನವರ ಅನುಮತಿ ಪಡೆದು ಪುಸ್ತಕದ ಅಂಚಿನಲ್ಲಿ ಸರಿಯಾದ ಹೆಸರು ಬರೆದರು. ಹೊಸ ಪತ್ರ ಕೊಟ್ಟರು.

ಅಕ್ಕಂದಿರೇ, ಒಂದು ಮಾತು ನೆನಪಿಡಿ. ಚರ್ಚಿನ ಪತ್ರ ಬೇರೆ, ಸರ್ಕಾರದ ಜನನ ಪತ್ರ ಬೇರೆ. ಯಾವ ಧರ್ಮದವರೇ ಆಗಲಿ, ಮಗು ಹುಟ್ಟಿದ 21 ದಿನದೊಳಗೆ ಸರ್ಕಾರದಲ್ಲಿ ನೋಂದಣಿ ಆಗಬೇಕು. ಪತ್ರ ಕೈಗೆ ಬಂದ ಕೂಡಲೇ ಓದಿ. ತಾಯಿಯ ಹೆಸರು ಸರಿಯಾಗಿದೆಯೇ ನೋಡಿ.

ಮದುವೆಯ ದಿನ

ಮದುವೆ ಪೂಜೆಗೆ ನಮ್ಮ ಕೇಂದ್ರದವರೆಲ್ಲ ಹೋದೆವು. ಹೂ ಮಾರುವ ಅಕ್ಕ ಎರಡು ಮಾರು ಮಲ್ಲಿಗೆ ತಂದಿದ್ದರು. ಈ ಸಲ ಹೊರಗೆ ನಿಲ್ಲಲಿಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕೂತರು. ಕೈಯಲ್ಲಿ ಹಾಡಿನ ಹಾಳೆ ಇತ್ತು. ತುಟಿ ಅಲ್ಲಾಡಿಸಿ ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು.

ಪೂಜೆಯಲ್ಲಿ ಜನರ ಕೋರಿಕೆಗಳನ್ನು ಓದುವ ಹೊತ್ತು ಬಂತು. ಮದುಮಗಳ ತಾಯಿ ಎದ್ದರು. ಓದುವ ಪೀಠದ ಮುಂದೆ ನಿಂತರು. ಚೀಟಿಯಲ್ಲಿದ್ದದ್ದು ಒಂದೇ ವಾಕ್ಯ. ಕೆಲಸ ಹುಡುಕಿ ಪಟ್ಟಣಕ್ಕೆ ಬಂದ ಎಲ್ಲರಿಗೂ ಒಳ್ಳೆಯದಾಗಲಿ ಎಂದು. ಧ್ವನಿ ನಡುಗಿತು. ನಡುವೆ ಒಂದು ಒತ್ತಕ್ಷರಕ್ಕೆ ತಡವರಿಸಿದರು. ಆದರೂ ಕೊನೆಯವರೆಗೆ ಓದಿದರು. ಜನರೆಲ್ಲ ಒಟ್ಟಿಗೆ ಉತ್ತರ ಹೇಳಿದರು.

ಪೂಜೆ ಮುಗಿದ ಮೇಲೆ ದೊಡ್ಡ ಪುಸ್ತಕ ತಂದರು. ಹುಡುಗ, ಹುಡುಗಿ ಸಹಿ ಹಾಕಿದರು. ಇಬ್ಬರು ಸಾಕ್ಷಿ ಬೇಕು. ಒಂದು ಸಾಕ್ಷಿ ಅಕ್ಕನೇ. ಯಾರೋ ಅಭ್ಯಾಸಬಲದಿಂದ ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದರು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದರು.

"ನನ್ ಮದುವೇಲಿ ಹೆಬ್ಬೆಟ್ಟು ಒತ್ತಿದ್ದೆ. ಇವತ್ತು ಪೆನ್ನು ಕೊಡಿ" ಎಂದರು.

ನಿಧಾನವಾಗಿ, ಪೂರ್ತಿ ಹೆಸರು ಬರೆದರು.

ಯೋಚಿಸಿ, ಮಾತಾಡಿ

1. ನಿಮ್ಮ ಬೀದಿಯಲ್ಲಿ ಯಾವ ಯಾವ ಧರ್ಮದ ಪ್ರಾರ್ಥನಾ ಸ್ಥಳಗಳಿವೆ? ಅಲ್ಲಿ ಏನು ನಡೆಯುತ್ತದೆ ಎಂದು ನೆರೆಯವರನ್ನು ಕೇಳಿ ತಿಳಿಯಿರಿ.

2. ನಿಮ್ಮ ಗುಡಿ, ಮಸೀದಿ, ಚರ್ಚು ಅಥವಾ ಸಂಘದಲ್ಲಿ ಹೆಂಗಸರು ಯಾವ ಕೆಲಸ ಮಾಡುತ್ತಾರೆ? ಓದುವ ಕೆಲಸ, ಲೆಕ್ಕದ ಕೆಲಸ ಯಾರು ಮಾಡುತ್ತಾರೆ?

3. ಇವತ್ತು ಮನೆಗೆ ಹೋಗಿ ಮಕ್ಕಳ ಪತ್ರಗಳನ್ನು ತೆಗೆಯಿರಿ. ನಿಮ್ಮ ಹೆಸರನ್ನು ನೀವೇ ಓದಿ. ತಪ್ಪಿದ್ದರೆ ಸರಿಪಡಿಸಲು ಯಾರ ಬಳಿ ಹೋಗಬೇಕು? ನಾಳೆ ಬಂದು ಎಲ್ಲರೂ ಕೂಡಿ ಮಾತಾಡೋಣ.